ಬಾಗಿಲಿಗೆ ಯಾರು ಬರುತ್ತಾರೆ?

ತಿಪಟೂರಿನಿಂದ ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು ಪತ್ರ ಬರೆದಿದ್ದಾರೆ. ವಯಸ್ಸು ಎಪ್ಪತ್ತನಾಲ್ಕು. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರ ಉದ್ದವಿದೆ, ಮುಖ್ಯ ಭಾಗ ಇಷ್ಟು:

“ಕೊರೊನಾ ಎಲ್ಲರಿಗೂ ಮರೆತೇ ಹೋಗಿದೆ. ನನಗೆ ಮರೆಯೋಕೆ ಆಗಿಲ್ಲ. ಬೆಂಗಳೂರಿನಲ್ಲಿರುವ ಮಗ ಮೊದಲ ವಾರವೇ ಫೋನ್ ಮಾಡಿ ‘ಅಪ್ಪ ಹೊಸಿಲು ದಾಟಕೂಡದು’ ಅಂದ. ನಮ್ಮ ಯಜಮಾನರು ದಿನಾ ಸಂಜೆ ಸ್ಟೇಷನ್ ಕಡೆ ಹೋಗಿ, ಮೂರು ಜನ ಸ್ನೇಹಿತರ ಜೊತೆ ಕಲ್ಲುಬೆಂಚಿನ ಮೇಲೆ ಕೂತು ಬರುತ್ತಿದ್ದರು. ಅದು ನಿಂತುಹೋಯಿತು. ಮೊದಲು ಮಾತು ಕಡಿಮೆಯಾಯಿತು, ಆಮೇಲೆ ಊಟ, ಆಮೇಲೆ ನಡಿಗೆ. 2021ರ ಮಳೆಗಾಲದಲ್ಲಿ ಬಚ್ಚಲಲ್ಲಿ ಬಿದ್ದವರು ಮತ್ತೆ ಏಳಲಿಲ್ಲ. ಟೆಸ್ಟ್ ಮಾಡಿದಾಗ ನೆಗೆಟಿವ್. ಅವರು ಕೊರೊನಾದಿಂದ ಸಾಯಲಿಲ್ಲ, ಒಳಗೆ ಕೂತು ಸತ್ತರು. ನಮ್ಮಜ್ಜಿ ಪ್ಲೇಗಿನ ಕಥೆ ಹೇಳುತ್ತಿದ್ದರು. ಇಡೀ ಊರೇ ಹೊಲಕ್ಕೆ ಹೋಗಿ ಗುಡಿಸಲು ಹಾಕಿಕೊಂಡಿತ್ತಂತೆ. ಮುದುಕರನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿದ್ದರಂತೆ. ಆಗಿನ ಮನುಷ್ಯತ್ವ ಈಗ ಎಲ್ಲಿ ಹೋಯಿತು? ನಮ್ಮನ್ನು ಹಾಗೆ ಮನೆಯೊಳಗೆ ಇಟ್ಟದ್ದು ಸರಿಯೇ? ನಾಳೆ ಇನ್ನೊಂದು ಬಂದರೆ ನಮ್ಮಂಥವರು ಏನು ಮಾಡಬೇಕು?”

ಮೇಡಂ, ನಮಸ್ಕಾರ.

ನಿಮ್ಮ ಮಗನ ಪರವಾಗಿ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಬೇಜಾರು ಮಾಡ್ಕೋಬೇಡಿ. ಆ ಮೊದಲ ತಿಂಗಳುಗಳಲ್ಲಿ ಅವರು ಮಾಡಿದ್ದು ಸರಿ. ಈ ದೇಶದಲ್ಲಿ ಕೋವಿಡ್‌ನಿಂದ ಸತ್ತ ಮೊದಲ ವ್ಯಕ್ತಿ ನಮ್ಮ ಕಲಬುರಗಿಯವರು, 76 ವರ್ಷದ ಹಿರಿಯರು. 2020ರ ಮಾರ್ಚ್ 10ರಂದು ತೀರಿಕೊಂಡರು. ಅದು ಕೋವಿಡ್ ಅಂತ ಗೊತ್ತಾಗಿದ್ದು ಎರಡು ದಿನ ಬಿಟ್ಟು. 2011ರ ಜನಗಣತಿಯ ಪ್ರಕಾರ ಅರವತ್ತು ದಾಟಿದವರು ದೇಶದಲ್ಲಿ ನೂರಕ್ಕೆ ಒಂಬತ್ತು ಜನವೂ ಇರಲಿಲ್ಲ. ಆದರೆ ಆ ಮೊದಲ ತಿಂಗಳುಗಳ ಸಾವಿನ ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ಅವರೇ. ಲಸಿಕೆ ಇರಲಿಲ್ಲ. ಯಾವ ಔಷಧಿ ಕೊಡಬೇಕು ಅಂತ ಡಾಕ್ಟರುಗಳಿಗೇ ಖಾತ್ರಿ ಇರಲಿಲ್ಲ. ಅಪ್ಪ ಅಮ್ಮ ಊರಲ್ಲಿ, ತಾನು ಬೆಂಗಳೂರಲ್ಲಿ. ಫೋನಿನಲ್ಲಿ ಹೆದರಿಸುವುದು ಬಿಟ್ಟರೆ ಅವರ ಕೈಯಲ್ಲಿ ಇನ್ನೇನಿತ್ತು ಹೇಳಿ?

ವಯಸ್ಸಾದವರಿಗೆ ಈ ರೋಗ ಬರುವ ರೀತಿಯೂ ಬೇರೆ. ಎಷ್ಟೋ ಜನಕ್ಕೆ ಜ್ವರವೇ ಬರಲಿಲ್ಲ. “ಸ್ವಲ್ಪ ಸುಸ್ತು ಕಣಪ್ಪಾ, ಮಲಗಿದರೆ ಸರಿಹೋಗುತ್ತೆ” ಅನ್ನುತ್ತಿದ್ದರು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡಿದರೆ 94ರ ಮೇಲಿರಬೇಕಾದ ರಕ್ತದ ಆಮ್ಲಜನಕ 80ಕ್ಕೆ ಇಳಿದಿರುತ್ತಿತ್ತು. ಇನ್ನು ಕೆಲವರು ಇದ್ದಕ್ಕಿದ್ದಂತೆ ದಿಕ್ಕು ತಪ್ಪಿದಂತೆ ಮಾತಾಡುತ್ತಿದ್ದರು. ಮನೆಯವರು ಅರಳುಮರಳು ಅಂದುಕೊಂಡರು. ಅದೂ ರೋಗದ ಲಕ್ಷಣವೇ ಆಗಿರುತ್ತಿತ್ತು.

ಆದರೆ ಇದಿಷ್ಟೇ ಹೇಳಿ ಕೈತೊಳೆದುಕೊಂಡರೆ ನಿಮಗೆ ಉತ್ತರ ಕೊಟ್ಟಂತಾಗುವುದಿಲ್ಲ. ಲಾಕ್‌ಡೌನ್ ಸಡಿಲವಾದ ಕ್ರಮ ಜ್ಞಾಪಿಸಿಕೊಳ್ಳಿ. ಮೇ 4ಕ್ಕೆ ಮದ್ಯದಂಗಡಿ ತೆರೆಯಿತು. ಜೂನ್ 8ಕ್ಕೆ ದೇವಸ್ಥಾನ, ಹೋಟೆಲ್, ಮಾಲ್ ತೆರೆಯಬಹುದು ಎಂದರು. ಒಂದೊಂದು ಆದೇಶ ಬಂದಾಗಲೂ ಒಂದೊಂದು ಬಾಗಿಲು ತೆರೆಯಿತು. ಅರವತ್ತೈದು ದಾಟಿದವರು ಮನೆಯಲ್ಲೇ ಇರಿ ಎಂಬ ಸಾಲು ಮಾತ್ರ ಹಿಂದಿನ ಆದೇಶದಿಂದ ಮುಂದಿನ ಆದೇಶಕ್ಕೆ ಹಾಗೇ ಇಳಿದು ಬಂತು. ಸರಕಾರದ ಕಾಗದದಲ್ಲಿ ಅದೊಂದು ಸಲಹೆ. ಮನೆಗೆ ಬರುವ ಹೊತ್ತಿಗೆ ಅಪ್ಪಣೆ ಆಗಿತ್ತು. ಎಷ್ಟು ದಿನ ಅಂತ ಯಾರೂ ಹೇಳಲಿಲ್ಲ. ಒಳಗೆ ಇದ್ದವರ ದಿನ ಹೇಗೆ ಹೋಗುತ್ತಿದೆ ಅಂತಲೂ ಕೇಳಲಿಲ್ಲ. ನನ್ನ ತಕರಾರು ಇರುವುದು ಇಲ್ಲಿ. ಮೊದಲ ಎರಡು ತಿಂಗಳಿಗೆ ಹೊಂದುವ ನಿಯಮವನ್ನು ಯೋಚನೆ ಮಾಡದೆ ವರ್ಷವಿಡೀ ಎಳೆದರು.

ಎಪ್ಪತ್ತು ದಾಟಿದ ಕಾಲುಗಳು ಕೆಲವೇ ವಾರ ನಡೆಯದೆ ಇದ್ದರೂ ಬಲ ಕಳೆದುಕೊಳ್ಳುತ್ತವೆ. ಹೋದ ಬಲ ಅಷ್ಟು ಸುಲಭಕ್ಕೆ ವಾಪಸ್ ಬರುವುದಿಲ್ಲ. ಆಮೇಲೆ ಬಚ್ಚಲಲ್ಲಿ ಜಾರುವುದು, ಸೊಂಟ ಮುರಿಯುವುದು, ಹಾಸಿಗೆ ಹಿಡಿಯುವುದು. ಇದನ್ನು ಯಾವ ಹೆಲ್ತ್ ಬುಲೆಟಿನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೊರರೋಗಿ ವಿಭಾಗಗಳು ಮುಚ್ಚಿದ್ದವು. ಶುಗರ್ ಚೆಕಪ್ ತಪ್ಪಿತು, ಕಣ್ಣಿನ ಪೊರೆ ಆಪರೇಷನ್ ಮುಂದೆ ಹೋಯಿತು. ನಿಮ್ಮ ಯಜಮಾನರ ಸಾವಿನ ಕಾರಣ ಇದೇ ಅಂತ ಇಲ್ಲಿ ಕೂತು ಹೇಳುವುದು ಸರಿಯಲ್ಲ. ಆದರೆ ಮಾತು, ಊಟ, ನಡಿಗೆ ಅಂತ ನೀವು ಬರೆದ ಆ ಕ್ರಮ ಎಷ್ಟೋ ಮನೆಗಳಲ್ಲಿ ನಡೆದದ್ದೇ.

ಇನ್ನೊಂದು ಮಾತು ಬರೆಯುವುದಕ್ಕೆ ಸಂಕಟ ಆಗುತ್ತೆ, ಆದರೂ ಬರೆಯುತ್ತೇನೆ. ಆ ಸ್ಟೇಷನ್ ಬೆಂಚು ಅಷ್ಟೇನೂ ಅಪಾಯದ ಜಾಗ ಆಗಿರಲಿಲ್ಲ. ಈ ವೈರಸ್ ಹೆಚ್ಚಾಗಿ ಹರಡುವುದು ಮುಚ್ಚಿದ ಕೋಣೆಯ ಗಾಳಿಯಲ್ಲಿ. ಅದು ವಿಜ್ಞಾನಿಗಳಿಗೆ ಬೇಗ ಹೊಳೆದರೂ ನಿಯಮ ಬರೆಯುವವರ ತಲೆಗೆ ಹೋಗುವುದಕ್ಕೆ ತುಂಬಾ ಕಾಲ ಹಿಡಿಯಿತು. ನಾವು ತರಕಾರಿಯನ್ನು ಸೋಪಿನ ನೀರಿನಲ್ಲಿ ತೊಳೆದೆವು. ಪೇಪರನ್ನು ಬಿಸಿಲಿಗೆ ಇಟ್ಟೆವು. (ಪೇಪರಿನಿಂದ ಕೊರೊನಾ ಬರುತ್ತೆ ಎಂಬ ಸುದ್ದಿ ಹಬ್ಬಿ ಎಷ್ಟೋ ಹಿರಿಯರ ಮನೆಗೆ ಪತ್ರಿಕೆ ನಿಂತಿತು. ನಮ್ಮ ಕಟ್ಟುಗಳೂ ವಾಪಸ್ ಬಂದವು. ನಮ್ಮ ನಷ್ಟ ಹಾಗಿರಲಿ. ಬೆಳಗಿನ ಒಂದು ಗಂಟೆಯನ್ನು ಪೇಪರಿಗೆ ಕೊಟ್ಟವರು ಆ ಗಂಟೆಯನ್ನು ಟಿವಿಗೆ ಕೊಟ್ಟರು. ಟಿವಿಯಲ್ಲಿ ಏನಿತ್ತು ಅಂತ ನಿಮಗೆ ಗೊತ್ತೇ ಇದೆ.) ಬಯಲಿನಲ್ಲಿ ದೂರ ದೂರ ಕೂತ ನಾಲ್ಕು ಜನಕ್ಕಿಂತ, ಕೆಲಸಕ್ಕೆ ಹೋಗಿ ಬಂದು ಕಿಟಕಿ ಮುಚ್ಚಿದ ಮನೆಯಲ್ಲಿ ಜೊತೆಗೆ ಊಟಕ್ಕೆ ಕೂರುವ ಮಗನಿಂದಲೇ ವಯಸ್ಸಾದವರಿಗೆ ಸೋಂಕು ಬರುವ ಸಾಧ್ಯತೆ ಜಾಸ್ತಿ ಇತ್ತು. ಪಾರ್ಕಿಗೆ ಬೀಗ ಹಾಕಿದ್ದು ತಪ್ಪು ಲೆಕ್ಕಾಚಾರ. ಬೇರೆ ದೇಶಗಳಲ್ಲೂ ಇದೇ ತಪ್ಪಾಯಿತು ಅನ್ನುವುದು ನಿಮಗೇನೂ ಸಮಾಧಾನ ಕೊಡಲಾರದು.

ಈಗ ನಿಮ್ಮಜ್ಜಿಯ ಕಥೆಗೆ ಬರೋಣ. ಇಲ್ಲಿ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದು ನಿಜ. ಪ್ಲೇಗಿಗೆ ಅದು ಸರಿಯಾದ ಉಪಾಯವೂ ಹೌದು. ಆ ರೋಗ ಇಲಿಯ ಚಿಗಟದಿಂದ ಬರುತ್ತಿತ್ತು, ಇಲಿ ಇರುತ್ತಿದ್ದದ್ದು ಮನೆಯಲ್ಲಿ. ಮಾಡಿನಿಂದ ಇಲಿ ಸತ್ತು ಬಿದ್ದರೆ ಗಂಟುಮೂಟೆ ಕಟ್ಟಬೇಕು ಅನ್ನುವುದನ್ನು ನಮ್ಮ ಹಳ್ಳಿಗಳು ಬೇಗ ಕಲಿತವು. ಬೆಂಗಳೂರಿಗೆ ಪ್ಲೇಗು ಕಾಲಿಟ್ಟದ್ದು 1898ರ ಆಗಸ್ಟಿನಲ್ಲಿ, ರೈಲಿನ ಜೊತೆ. ಪೇಟೆಯ ಇಕ್ಕಟ್ಟು ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರದ ಹೊಸ ಬಡಾವಣೆಗಳಿಗೆ ಬರುವುದಕ್ಕೂ ಅದೇ ದೊಡ್ಡ ಕಾರಣವಾಯಿತು. ಪ್ಲೇಗಮ್ಮನ ಗುಡಿಗಳು ಎದ್ದವು. ಇಂದಿಗೂ ಅಲ್ಲಿ ಪೂಜೆ ನಡೆಯುತ್ತದೆ.

ಆದರೆ ಅದೇ ಕಾಲದ ಇನ್ನೊಂದು ಮುಖವೂ ಇದೆ. ಪ್ಲೇಗು ಬಂದವರನ್ನು ಎತ್ತಿಕೊಂಡು ಹೋಗಿ ಬೇರೆ ಕ್ಯಾಂಪಿನಲ್ಲಿ ಇಡುತ್ತಿದ್ದರು. ಅಲ್ಲಿಗೆ ಹೋದವರು ವಾಪಸ್ ಬರುವುದಿಲ್ಲ ಎಂಬ ಹೆದರಿಕೆಗೆ ಜನ ರೋಗಿಗಳನ್ನು ಮನೆಯಲ್ಲಿ ಬಚ್ಚಿಟ್ಟರು. ಹೆಣವನ್ನೂ ಬಚ್ಚಿಟ್ಟರು. ಮನೆ ಮನೆ ತಪಾಸಣೆಗೆ ಬಂದವರ ಮೇಲೆ ಸಿಟ್ಟು ಎಷ್ಟಿತ್ತೆಂದರೆ 1898ರಲ್ಲಿ ಶ್ರೀರಂಗಪಟ್ಟಣದ ಗಂಜಾಂ ಕಡೆ ಗಲಭೆಯೇ ಆಯಿತು. ಗಾಡಿ ಇದ್ದವರು ಅಜ್ಜ ಅಜ್ಜಿಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಗಾಡಿ ಇಲ್ಲದ ಮನೆಯಲ್ಲಿ, ಹೊಲವೂ ಇಲ್ಲದ ಮನೆಯಲ್ಲಿ, ನಡೆಯಲಾಗದ ಮುದುಕಿಯೊಬ್ಬಳು ಇದ್ದರೆ? ಅವಳ ಕಥೆ ಹೇಳುವುದಕ್ಕೆ ಮೊಮ್ಮಕ್ಕಳು ಉಳಿದಿದ್ದರೋ ಇಲ್ಲವೋ. ನಮಗೆ ದಾಟಿ ಬಂದಿರುವುದು ಗಾಡಿ ಇದ್ದವರ ಕಥೆ.

ಹಾಗಂತ ನಿಮ್ಮಜ್ಜಿ ಹೇಳಿದ್ದರಲ್ಲಿ ತಿರುಳು ಇಲ್ಲ ಅನ್ನುತ್ತಿಲ್ಲ. ಗುಡಿಸಲಿನಲ್ಲಿದ್ದ ಮುದುಕರು ಮಾತಿಗೆ ಜನ ಇಲ್ಲದೆ ಕೊರಗಲಿಲ್ಲ. ಪಕ್ಕದ ಗುಡಿಸಲಿನವರು ಎದುರಿಗೇ ಇದ್ದರು. ನಮ್ಮ ಕಾಲದಲ್ಲಿ ಕಳೆದುಹೋದದ್ದು ಇದು.

ಇಪ್ಪತ್ತು ವರ್ಷ ಬಿಟ್ಟು, 1918ರಲ್ಲಿ, ಇನ್‌ಫ್ಲುಯೆಂಜಾ ಬಂತು. ಅದು ತಿರುಗುಮುರುಗು ರೋಗ. ಇಪ್ಪತ್ತರಿಂದ ನಲವತ್ತರ ಗಟ್ಟಿ ಜೀವಗಳನ್ನೇ ಹೆಚ್ಚಾಗಿ ಹೊತ್ತೊಯ್ಯಿತು. ಭಾರತದಲ್ಲಿ ಸತ್ತವರು ಒಂದು ಕೋಟಿಗಿಂತ ಮೇಲೆ ಅಂತ ಅಂದಾಜು. ಜನಗಣತಿಯಲ್ಲಿ ದೇಶದ ಜನಸಂಖ್ಯೆ ಇಳಿದ ದಶಕ ಅದೊಂದೇ, 1911ರಿಂದ 1921. ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿ ಮತ್ತೆ ಒಲೆ ಹಚ್ಚಿ, ನೇಗಿಲು ಹಿಡಿದು, ಮೊಮ್ಮಕ್ಕಳನ್ನು ಬೆಳೆಸಬೇಕಾಯಿತು.

ಅದೇ 1918ರ ಏಪ್ರಿಲ್‌ನಲ್ಲಿ ಹಾರೋಹಳ್ಳಿಯಲ್ಲಿ ಒಂದು ಮಗು ಹುಟ್ಟಿತು. ಮುಂದೆ ಅವರೇ ನಮ್ಮ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು, ಸಾಕಿದ್ದು ಅಜ್ಜ. ನೂರು ದಾಟಿದ ಮೇಲೂ ಭೂಮಿ ಇಲ್ಲದವರ ಪರ ಧರಣಿ ಕೂರುತ್ತಿದ್ದ ಆಸಾಮಿ. 2021ರಲ್ಲಿ, ತಮ್ಮ 103ನೇ ವಯಸ್ಸಿನಲ್ಲಿ, ಅವರಿಗೆ ಕೋವಿಡ್ ಬಂತು. ಗುಣವಾಗಿ ಮನೆಗೂ ಬಂದರು. ಆಮೇಲೆ ಮೇ 26ರಂದು ಹೃದಯಾಘಾತದಿಂದ ತೀರಿಕೊಂಡರು. ಅವರನ್ನು “ವಯಸ್ಸಾದವರು, ಒಳಗಿರಿ” ಎಂಬ ಸಾಲಿಗೆ ಯಾರಾದರೂ ಸೇರಿಸಲು ಆಗುತ್ತಿತ್ತಾ? ವಯಸ್ಸು ಒಂದನ್ನೇ ನೋಡಿ ಅರವತ್ತೈದರವರನ್ನೂ ತೊಂಬತ್ತೈದರವರನ್ನೂ, ದಿನಾ ಮೂರು ಮೈಲಿ ನಡೆಯುವವರನ್ನೂ ಡಯಾಲಿಸಿಸ್‌ನಲ್ಲಿ ಇರುವವರನ್ನೂ ಒಂದೇ ಗುಂಪಿಗೆ ತಳ್ಳಿದ್ದೆವು.

“ವಯಸ್ಸಾಗಿತ್ತು, ಶುಗರ್ ಇತ್ತಂತೆ.” ಈ ಮಾತನ್ನು ಆಗ ಎಷ್ಟು ಸಲ ಕೇಳಿದ್ದೀರಿ? ದಿನಾ ಸಂಜೆ ಬುಲೆಟಿನ್ ಬರುತ್ತಿತ್ತು. ಹೆಸರಿನ ಜಾಗದಲ್ಲಿ ಪಿ ಅಕ್ಷರ, ಒಂದು ಸಂಖ್ಯೆ, ವಯಸ್ಸು, ಇದ್ದ ಕಾಯಿಲೆ. ನೋಡಿದವರು ತಮ್ಮ ವಯಸ್ಸಿನ ಜೊತೆ ಹೋಲಿಸಿ ಉಸಿರು ಬಿಡುತ್ತಿದ್ದರು. ಅದು ಕೆಟ್ಟ ಮನಸ್ಸಿನಿಂದ ಬಂದದ್ದು ಅಂತ ನಾನು ಹೇಳಲಾರೆ, ಹೆದರಿದವರು ಹಾಗೇ ಮಾಡುತ್ತಾರೆ. ಆದರೆ ಪಕ್ಕದ ಕುರ್ಚಿಯಲ್ಲಿ ಎಪ್ಪತ್ತೆರಡರ, ಶುಗರ್ ಇರುವ ಅಮ್ಮ ಅದೇ ಟಿವಿ ನೋಡುತ್ತಾ ಕೂತಿರುತ್ತಿದ್ದರು ಅನ್ನುವುದು ನಮಗೆ ಹೊಳೆಯಲಿಲ್ಲ.

ಒಂದು ಪೆನ್ಷನ್ ದಿನ ನಮ್ಮ ಬೀದಿಯ ಬ್ಯಾಂಕಿನಲ್ಲಿ ಕಂಡದ್ದು ಹೇಳುತ್ತೇನೆ. ಹೊರಗೆ ಸುಣ್ಣದ ವೃತ್ತಗಳು. ಒಬ್ಬೊಬ್ಬರು ಒಂದೊಂದರಲ್ಲಿ ನಿಂತಿದ್ದಾರೆ. ಬಿಸಿಲು. ನಿಲ್ಲಲಾಗದ ಅಜ್ಜಿಯೊಬ್ಬರು ವೃತ್ತದಲ್ಲಿ ಚಪ್ಪಲಿ ಬಿಟ್ಟು, ತಾವು ಹೋಗಿ ಜಗಲಿ ಮೇಲೆ ಕೂತಿದ್ದರು. ಚಪ್ಪಲಿ ಮುಂದೆ ಹೋದಂತೆ ಹಿಂದಿನವರೇ ಅದನ್ನು ಕಾಲಿನಿಂದ ತಳ್ಳುತ್ತಿದ್ದರು. ಒಳಗೆ ಕೌಂಟರಿನಲ್ಲಿ ಗಾಜು, ಗಾಜಿನ ಹಿಂದೆ ಮಾಸ್ಕ್ ಹಾಕಿದ ಹುಡುಗಿ. ಎದುರಿಗಿದ್ದ ತಾತನಿಗೆ ಕಿವಿ ಮಂದ. ಅಷ್ಟು ವರ್ಷ ತುಟಿ ನೋಡಿ ಮಾತು ಹಿಡಿಯುತ್ತಿದ್ದರು ಅಂತ ಕಾಣುತ್ತೆ, ಪ್ರಾಯಶಃ ಅವರಿಗೇ ಅದು ಗೊತ್ತಿರಲಿಲ್ಲ. ಈಗ ತುಟಿ ಇಲ್ಲ. ಉಸಿರಿಗೆ ಕನ್ನಡಕ ಮಂಜಾಗಿದೆ. “ಆಂ? ಆಂ?” ಅನ್ನುತ್ತಿದ್ದಾರೆ. ಹುಡುಗಿ ಎರಡು ಸಲ ಕಿರುಚಿ, ಮೂರನೇ ಸಲಕ್ಕೆ ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ “ನಾಳೆ ಬನ್ನಿ, ಸರ್ವರ್ ಡೌನ್” ಅಂತ ಬರೆದು ಗಾಜಿಗೆ ಒತ್ತಿ ಹಿಡಿದಳು. ತಾತ ಕನ್ನಡಕ ಒರೆಸಿ ಓದಿದರು. ಓದಿ, “ಹೀಗೆ ಹೇಳಮ್ಮ ಮತ್ತೆ” ಅಂದು ಹೊರಟರು.

ಹುಡುಗಿ ಮಾಡಿದ್ದು ದೊಡ್ಡ ಕೆಲಸವೇನಲ್ಲ. ಆದರೆ ಅಂಥದ್ದೇ ಸಾವಿರ ಸಣ್ಣ ಕೆಲಸ ಅವತ್ತು ವಯಸ್ಸಾದವರನ್ನು ಉಳಿಸಿತು ಅಂತ ನನ್ನ ನಂಬಿಕೆ. ಅದರ ಎದುರು ಈಗ ಇದನ್ನಿಟ್ಟು ನೋಡಿ. 2020ರ ಜುಲೈನಲ್ಲಿ ಬೆಂಗಳೂರಿನ ದೊಮ್ಮಲೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೋಂಕು ಕಂಡಿತು ಅಂತ ಪಾಲಿಕೆಯವರು ಎರಡು ಮನೆಗಳ ಬಾಗಿಲಿಗೇ ತಗಡಿನ ಶೀಟು ಜಡಿದರು. ಒಂದರಲ್ಲಿ ತಾಯಿ, ಎರಡು ಪುಟ್ಟ ಮಕ್ಕಳು. ಇನ್ನೊಂದರಲ್ಲಿ ವಯಸ್ಸಾದ ಗಂಡ ಹೆಂಡತಿ. ಬೆಂಕಿ ಬಿದ್ದರೆ? ಎದೆನೋವು ಬಂದರೆ? ಗಲಾಟೆ ಆದ ಮೇಲೆ ತಗಡು ತೆಗೆದರು, ಆಯುಕ್ತರೇ ಕ್ಷಮೆ ಕೇಳಿದರು. ರೋಗ ಹೊರಗೆ ಬರಬಾರದು ಎಂಬ ಒಂದೇ ಯೋಚನೆಯಲ್ಲಿ ಮನುಷ್ಯರು ಒಳಗಿದ್ದಾರೆ ಅನ್ನುವುದು ಮರೆತುಹೋಗಿತ್ತು.

ಉಳಿಸಿದವರ ವಿಷಯ ಹೇಳಬೇಕೆಂದರೆ ಆಶಾ ಕಾರ್ಯಕರ್ತೆಯರಿಂದ ಶುರು ಮಾಡಬೇಕು. ಕರ್ನಾಟಕದಲ್ಲಿ ಸುಮಾರು 42,000 ಆಶಾಗಳು ಒಂದೂವರೆ ಕೋಟಿಗೂ ಹೆಚ್ಚು ಮನೆಗಳ ಸರ್ವೆಗೆ ಓಡಾಡಿದರು. ಯಾರ ಮನೆಯಲ್ಲಿ ವಯಸ್ಸಾದವರಿದ್ದಾರೆ, ಯಾರಿಗೆ ಬಿಪಿ, ಯಾರಿಗೆ ಶುಗರ್, ಯಾರು ಒಂಟಿ ಅಂತ ಬರೆದುಕೊಂಡರು. ಅವರನ್ನು ಬೈದು ಅಟ್ಟಿದ ಬೀದಿಗಳೂ ಇದ್ದವು. ಅದೇ ಜುಲೈನಲ್ಲಿ ಅವರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ ಮುಷ್ಕರ ಹೂಡಬೇಕಾಯಿತು. ಚಪ್ಪಾಳೆ ಸಿಕ್ಕಿತ್ತು, ದುಡ್ಡು ಸಿಕ್ಕಿರಲಿಲ್ಲ.

ಆಮೇಲೆ ಲಸಿಕೆ. ಅರವತ್ತು ದಾಟಿದವರಿಗೆ ಶುರುವಾದದ್ದು 2021ರ ಮಾರ್ಚ್ 1ಕ್ಕೆ. ಈ ಒಂದು ವಿಷಯದಲ್ಲಿ ಹಿರಿಯರನ್ನು ಸಾಲಿನ ಮುಂದೆ ನಿಲ್ಲಿಸಿದ್ದು ಸರಿಯಾದ ತೀರ್ಮಾನ. ಆದರೆ ಸಾಲಿಗೆ ದಾರಿ ಇದ್ದದ್ದು ಮೊಬೈಲಿನ ಮೂಲಕ. ಲಸಿಕೆ ನೋಂದಣಿಯ ಕೋವಿನ್ ತಾಣ, ಒಟಿಪಿ. ಒಂದು ನಂಬರಿಗೆ ನಾಲ್ಕು ಜನ ನೋಂದಾಯಿಸಬಹುದಿತ್ತು. ಹಾಗಾಗಿ ಬೀದಿಗೊಬ್ಬ ಕಾಲೇಜು ಹುಡುಗ ಸಿಕ್ಕಿದರೆ ನಾಲ್ಕು ಅಜ್ಜ ಅಜ್ಜಿಯರ ಕೆಲಸ ಆಗುತ್ತಿತ್ತು. ಸಿಗದ ಕಡೆ ಆಧಾರ್ ಕಾರ್ಡ್ ಹಿಡಿದು ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಬೆಳಗಿನಿಂದ ಕಾಯಬೇಕಿತ್ತು.

ಎರಡನೇ ಅಲೆಯ ಬಗ್ಗೆ ನೀವು ಜಾಸ್ತಿ ಬರೆದಿಲ್ಲ. ಬಹುಶಃ ನಿಮ್ಮ ಮನೆಯದೇ ನೋವು ತುಂಬಿತ್ತು. ಆ ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟೋ ಹಿರಿಯರು ಬದುಕಿದರು, ಅವರ ನಲವತ್ತರ ಮಗ ಹೋದ. ಮಗಳು ಹೋದಳು. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ ರಾಜ್ಯ ಸರಕಾರ ಬಾಲ ಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ರೂಪಾಯಿ ಘೋಷಿಸಿತು. ಅಂಥ ಮಕ್ಕಳ ಪಾಲಿಗೆ ಉಳಿದ ಆಸರೆ ಎಂದರೆ ಹೆಚ್ಚಾಗಿ ಅಜ್ಜಿಯೋ ತಾತನೋ. 1918ರಲ್ಲಿ ಆದದ್ದೇ. ಯಾರನ್ನು ಜೋಪಾನವಾಗಿ ಒಳಗೆ ಇಟ್ಟಿದ್ದೆವೋ ಅವರೇ ಎದ್ದು ಮೊಮ್ಮಗಳ ಶಾಲೆಯ ಫೀಸಿಗೆ ಓಡಾಡಿದರು.

ಸಂಸ್ಕಾರವೂ ನೆಟ್ಟಗೆ ಆಗಲಿಲ್ಲ. 2021ರ ಜೂನ್ ಮೊದಲ ವಾರ, ಮನೆಯವರು ಬಂದು ಒಯ್ಯದ ನೂರಾರು ಜನರ ಅಸ್ಥಿಯನ್ನು ಸರಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಹತ್ತಿರ ಕಾವೇರಿಯಲ್ಲಿ ಬಿಟ್ಟಿತು. ಬಾರದವರನ್ನು ಆಗ ಎಲ್ಲರೂ ಬೈದರು. ನನಗೆ ಬೈಯಲು ಬಾಯಿ ಬರುವುದಿಲ್ಲ. ಆ ಮನೆಗಳಲ್ಲಿ ಇನ್ನೊಬ್ಬರು ಐಸಿಯುನಲ್ಲಿ ಇದ್ದರೋ, ಬರಬೇಕಾದವರೇ ಹೋಗಿದ್ದರೋ, ಯಾರಿಗೆ ಗೊತ್ತು?

ನಾಳೆ ಇನ್ನೊಂದು ಬಂದರೆ ಏನು ಮಾಡಬೇಕು ಅಂತ ಕೇಳಿದ್ದೀರಿ. ಬರುವುದಂತೂ ಬರುತ್ತೆ. ಯಾವಾಗ, ಯಾವ ರೂಪದಲ್ಲಿ ಅನ್ನುವುದಷ್ಟೇ ತಿಳಿಯದು. ಅದು 1918ರಂತೆ ಹರೆಯದವರನ್ನು ಹಿಡಿಯುವ ರೋಗವಾದರೆ ನಿಮ್ಮಂಥವರ ಕೆಲಸ ಇನ್ನೂ ಜಾಸ್ತಿ. ಹಾಗಾಗಿ ಮೊದಲನೆಯದಾಗಿ ಕಾಲು ಗಟ್ಟಿ ಇಟ್ಟುಕೊಳ್ಳಿ. ಹೊರಗೆ ಹೋಗಲಾಗದ ದಿನ ಹಜಾರದಲ್ಲೇ ಹೆಜ್ಜೆ ಹಾಕಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ. ಬಚ್ಚಲ ಗೋಡೆಗೆ ಹಿಡಿಕೆ ಹಾಕಿಸುವುದನ್ನು ಈ ವಾರವೇ ಮಾಡಿ, ಅದಕ್ಕೆ ಯಾವ ರೋಗವೂ ಬರುವವರೆಗೆ ಕಾಯಬೇಕಿಲ್ಲ. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ದಿನಾ ನುಂಗುವ ಮಾತ್ರೆ ಒಂದು ತಿಂಗಳಿನದಾದರೂ ಮನೆಯಲ್ಲಿರಲಿ. ಒಟಿಪಿ ಓದುವುದು ಕಲಿಯಿರಿ, ಆದರೆ ಫೋನಿನಲ್ಲಿ ಕೇಳಿದವರಿಗೆ ಹೇಳಬೇಡಿ.

ಇದೆಲ್ಲ ಯಾರಾದರೂ ಹೇಳುವ ಮಾತೇ. ನಾನು ಒತ್ತಿ ಹೇಳಬೇಕೆಂದಿರುವುದು ಬೇರೆ. ಕಾಯಿಲೆ ಬರುವ ಮೊದಲೇ ನಿಮ್ಮ ಬಾಗಿಲಿಗೆ ಯಾರು ಬರುತ್ತಾರೆ ಅಂತ ಗೊತ್ತು ಮಾಡಿಕೊಳ್ಳಿ. ಒಬ್ಬರಲ್ಲ, ಇಬ್ಬರು. ಮಗ ನೂರೈವತ್ತು ಕಿಲೋಮೀಟರ್ ದೂರ ಇದ್ದಾನೆ, ರಸ್ತೆ ಮುಚ್ಚಿದರೆ ಬರಲಾರ. ಪಕ್ಕದ ಮನೆಯ ಹುಡುಗಿ, ದಿನಸಿ ಅಂಗಡಿಯವನು, ಪೋಸ್ಟ್‌ಮ್ಯಾನ್, ನಿಮ್ಮ ಹಳೆಯ ವಿದ್ಯಾರ್ಥಿ, ಯಾರಾದರೂ ಸರಿ. ತಿಪಟೂರಿನಲ್ಲಿ ನಿಮ್ಮ ಕೈಯಲ್ಲಿ ಅಕ್ಷರ ತಿದ್ದಿದವರು ಬೀದಿಗೆ ಹತ್ತು ಜನ ಇದ್ದಾರು. ಅವರಿಗೆ ಈಗಲೇ ಹೇಳಿಡಿ. ಮಗನಿಗೂ ಹೇಳಿ: ಮುಂದಿನ ಸಲ ನಿಯಮ ಮಾಡುವಾಗ ನನ್ನನ್ನೂ ಕೇಳು, ನನ್ನ ಜೀವದ ಅಪಾಯವನ್ನು ಎಷ್ಟು ತೆಗೆದುಕೊಳ್ಳಬೇಕು ಅನ್ನುವುದರಲ್ಲಿ ನನ್ನದೂ ಒಂದು ಮಾತಿದೆ. ಒಂಟಿಯಾಗಿರುವ ನಿಮ್ಮ ಸ್ನೇಹಿತೆಯರಿಗೆ ಹಿರಿಯರ ಸಹಾಯವಾಣಿ 14567 ಬರೆದು ಕೊಡಿ.

ಸರಕಾರದ ಪಾಲಿನದೂ ಇದೆ. ಆಶಾಗಳು ಬರೆದುಕೊಂಡ ಆ ಪಟ್ಟಿ ವರ್ಷಕ್ಕೊಮ್ಮೆ ಹೊಸದಾಗಬೇಕು, ಪಂಚಾಯಿತಿ ಮತ್ತು ವಾರ್ಡಿನಲ್ಲಿ ಇರಬೇಕು. ಮುಂದಿನ ಆದೇಶದಲ್ಲಿ “ಹಿರಿಯರು ಮನೆಯಲ್ಲಿರಿ” ಅಂತ ಬರೆಯುವವರು ಅದರ ಕೆಳಗೇ “ಅವರ ಮನೆಗೆ ಇಂಥವರು ಇಂಥ ದಿನ ಬರುತ್ತಾರೆ” ಅಂತಲೂ ಬರೆಯಲಿ. ಬರೆಯಲಾಗದಿದ್ದರೆ ಪಾರ್ಕಿನ ಬೀಗ ತೆಗೆಯಲಿ.

ಪತ್ರದ ಕೊನೆಯಲ್ಲಿ ಎರಡು ಸಣ್ಣ ವಿಷಯ ಕೇಳಿದ್ದೀರಿ. ರೈಲಿನಲ್ಲಿ ಹಿರಿಯರಿಗೆ ಇದ್ದ ರಿಯಾಯಿತಿ, ಗಂಡಸರಿಗೆ ನೂರಕ್ಕೆ 40, ಹೆಂಗಸರಿಗೆ 50, 2020ರ ಮಾರ್ಚ್‌ನಲ್ಲಿ ಕೊರೊನಾ ನೆಪದಲ್ಲಿ ನಿಂತದ್ದು. ಹಿರಿಯರು ಸುಮ್ನೆ ತಿರುಗಾಡದಿರಲಿ ಅಂತ ಆಗ ಹೇಳಿದರು. ಕೊರೊನಾ ಹೋಯಿತು, ರಿಯಾಯಿತಿ ಮರಳಲಿಲ್ಲ. ನಿಮ್ಮ ಸಂಸದರಿಗೆ ಒಂದು ಕಾರ್ಡು ಹಾಕಿ, ನಾವೂ ಬರೆಯುತ್ತೇವೆ. ಇನ್ನು ಕುಟುಂಬ ಪಿಂಚಣಿಗೆ ನವೆಂಬರಿನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರ. ಅದಕ್ಕಾಗಿ ಬ್ಯಾಂಕಿನ ಮೆಟ್ಟಿಲು ಹತ್ತಬೇಕಿಲ್ಲ. ಅಂಚೆ ಕಚೇರಿಗೆ ಹೇಳಿದರೆ ಪೋಸ್ಟ್‌ಮ್ಯಾನ್ ಯಂತ್ರ ತಂದು ಮನೆಯಲ್ಲೇ ಬೆರಳಚ್ಚು ತೆಗೆದುಕೊಂಡು ಮಾಡಿಕೊಡುತ್ತಾರೆ. ಶುಲ್ಕ 70 ರೂಪಾಯಿ. ಆಧಾರ್, ಪಿಂಚಣಿ ಆದೇಶದ ನಂಬರು, ಬ್ಯಾಂಕ್ ಪಾಸ್‌ಬುಕ್ ತೆಗೆದಿಟ್ಟಿರಿ. ಡಿಜಿಟಲ್ ಪತ್ರ ನಡೆಯುತ್ತದೆಯೇ ಅಂತ ನಿಮ್ಮ ಬ್ಯಾಂಕಿನಲ್ಲಿ ಮೊದಲೇ ಒಂದು ಮಾತು ಕೇಳಿಕೊಂಡರೆ ಒಳ್ಳೆಯದು.

– ಸಂಪಾದಕ